ಎಲ್ಲಾ ಕಡೆ ಮರೈನ್ ಪ್ಲೈ ಬೇಕಾ? ಕೋಲಾರದ ಕಡೆಯ ಮನೆಗೆ ಹಲಗೆ ಆರಿಸುವ ಲೆಕ್ಕ

ತಂಗಿ ಬಂಗಾರಪೇಟೆಯಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ಗಾರೆ ಕೆಲಸ ಮುಗಿದು ಈಗ ಮರಗೆಲಸಕ್ಕೆ ಬಂದಿದೆ. ಹೋದ ವಾರ ಎರಡು ಅಂಗಡಿಯ ಕೊಟೇಶನ್ ಫೋಟೋ ತೆಗೆದು ಕಳಿಸಿದಳು. ಒಂದರಲ್ಲಿ ಎಲ್ಲವೂ ‘ಕಮರ್ಷಿಯಲ್’ ಅನ್ನುವ ಸಾದಾ ಪ್ಲೈವುಡ್. ಇನ್ನೊಂದರಲ್ಲಿ ಎಲ್ಲವೂ ‘710 ಮರೈನ್’ ಅನ್ನುವ, ನೀರಿಗೆ ತಡೆಯುವ ದುಬಾರಿ ಪ್ಲೈವುಡ್. ಕೆಳಗೆ ಒಂದೇ ಸಾಲು: “ಅಕ್ಕ, ಸಾಲ ಹೆಂಗೂ ಮಾಡಿದ್ದೀವಿ, ಎಲ್ಲಾ ಮರೈನೇ ಹಾಕಿಸಿಬಿಡ್ಲಾ?”

ಬೇಡ ಅಂದೆ. ಎಲ್ಲಾ ಕಮರ್ಷಿಯಲ್ಲೂ ಬೇಡ ಅಂದೆ. ನೀರು ಎಲ್ಲಿ ತಾಕುತ್ತೆ, ಭಾರ ಎಲ್ಲಿ ಬೀಳುತ್ತೆ, ಇವೆರಡು ಮೊದಲು ನೋಡು, ಅಂಗಡಿಯ ಹೆಸರು ಆಮೇಲೆ ನೋಡೋಣ ಅಂದೆ. ಫೋನಿನಲ್ಲಿ ಅವಳಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಕಡೆ ಮನೆ ಕಟ್ಟಿಸುತ್ತಿರುವ ಬೇರೆಯವರಿಗೂ ಬೇಕಾಗಬಹುದು.

ಇದನ್ನು ನಾನು ಕಲಿತಿದ್ದು ಕೈ ಸುಟ್ಟುಕೊಂಡು. ಹತ್ತು ವರ್ಷದ ಹಿಂದೆ ಕೋಲಾರದ ನಮ್ಮ ಮನೆಗೆ ಅಡುಗೆಮನೆ ಮಾಡಿಸಿದೆವು. ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಅಂದರು, ತಂದೆವು. ಹಾಳೆಯ ಮೇಲೆ ಏನು ಅಚ್ಚಾಗಿದೆ ಅಂತ ಯಾರೂ ಓದಲಿಲ್ಲ. ಎರಡು ವರ್ಷ ಆಗುವಷ್ಟರಲ್ಲಿ ಸಿಂಕಿನ ಕೆಳಗಿನ ಬಾಗಿಲು ಉಬ್ಬಿ ಮುಚ್ಚದಂತಾಯಿತು. ಇನ್ನಾರು ತಿಂಗಳಿಗೆ ತಳದ ಹಲಗೆ ನೆನೆದ ಪುಸ್ತಕದ ಹಾಗೆ ಪದರ ಪದರವಾಗಿ ಬಿಟ್ಟುಕೊಂಡಿತು. ದೊಡ್ಡ ನೀರೇನೂ ನುಗ್ಗಿರಲಿಲ್ಲ. ಪೈಪಿನ ಜಾಯಿಂಟಿನಿಂದ ಹನಿ ಹನಿ, ಅಷ್ಟೇ. ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಗೊತ್ತಲ್ವಾ? ನಲ್ಲಿಗೂ ಜಾಯಿಂಟಿಗೂ ಬಿಳಿ ಉಪ್ಪು ಕಟ್ಟುತ್ತದೆ, ವಾಷರ್ ಬೇಗ ಹೋಗುತ್ತದೆ, ಸೋರಿಕೆ ಶುರುವಾಗುತ್ತದೆ. ಕತ್ತಲೆ ಮೂಲೆ, ಯಾರೂ ಬಗ್ಗಿ ನೋಡುವುದಿಲ್ಲ.

ರಿಪೇರಿಗೆ ಬಂದ ಆಚಾರ್ರು ಕಿತ್ತ ಹಲಗೆಯಿಂದ ಒಣಗಿದ ಕಡೆಯ ಒಂದು ತುಂಡು ಕತ್ತರಿಸಿ ಕೈಗೆ ಕೊಟ್ಟರು. “ಇದನ್ನ ಹಳೇ ಪಾತ್ರೇಲಿ ಹಾಕಿ ಕುದಿಸಿ ನೋಡಮ್ಮ” ಅಂದರು. ಬೆಳಿಗ್ಗೆ ಹಿತ್ತಲಿನ ಒಲೆ ಮೇಲೆ ಇಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ಕು ಪದರ ಬೇರೆಯಾಗಿ ತೇಲುತ್ತಿದ್ದವು.

ಹಾಸು ಹೊಕ್ಕು

ಪ್ಲೈವುಡ್ ಒಳಗೆ ಏನಿದೆ ಅಂತ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಮರದ ದಿಮ್ಮಿಯನ್ನು ನೆನೆಸಿ ಅಥವಾ ಬೇಯಿಸಿ ಮೆತ್ತಗೆ ಮಾಡುತ್ತಾರೆ. ಆಮೇಲೆ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾರೆ. ಉದ್ದದ ಬ್ಲೇಡು ಒಂದು ಪಕ್ಕದಿಂದ ಒತ್ತುತ್ತದೆ. ಸುತ್ತಿಟ್ಟ ಚಾಪೆ ಬಿಚ್ಚಿಕೊಂಡ ಹಾಗೆ ತೆಳ್ಳನೆ ಹಾಳೆ ಬಿಚ್ಚಿಕೊಂಡು ಬರುತ್ತದೆ. ಅದೇ ವಿನೀರ್. ಅದನ್ನು ಒಣಗಿಸಿ, ಅಂಟು ಸವರಿ, ಒಂದರ ಮೇಲೊಂದು ಜೋಡಿಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ.

ಜೋಡಿಸುವ ರೀತಿಯಲ್ಲೇ ಜಾಣತನ ಇರುವುದು. ಒಂದು ಪದರದ ಎಳೆ ಉದ್ದಕ್ಕೆ ಓಡಿದರೆ ಅದರ ಮೇಲಿನದ್ದು ಅಡ್ಡಕ್ಕೆ. ನಮ್ಮ ರೇಷ್ಮೆ ಮಗ್ಗದ ಹಾಸು ಹೊಕ್ಕಿನ ಹಾಗೆ. ಮರ ನೀರು ಕುಡಿದಾಗ ಎಳೆಯ ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚು ಕಡಿಮೆ ಹಿಗ್ಗುವುದೇ ಇಲ್ಲ. ಹೀಗೆ ಅಡ್ಡಡ್ಡ ಕೂರಿಸಿದಾಗ ಒಂದು ಪದರ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಅದಕ್ಕೇ ಪ್ಲೈವುಡ್ ಒಂಟಿ ಹಲಗೆಯ ಹಾಗೆ ಸೀಳುವುದಿಲ್ಲ, ಬೇಗ ತಿರುಚಿಕೊಳ್ಳುವುದಿಲ್ಲ. ಪದರಗಳ ಸಂಖ್ಯೆ ಬೆಸ ಇರುತ್ತದೆ, ಎರಡೂ ಮುಖದ ಎಳೆ ಒಂದೇ ದಿಕ್ಕಿಗೆ ಬರಲಿ ಅಂತ.

ಅಂದಮೇಲೆ ಹಾಳೆಯ ಜೀವ ಎರಡು ಕಡೆ ಇದೆ. ಒಂದು ಅಂಟು, ಇನ್ನೊಂದು ಒಳಗಿನ ಮರ. ಅಂಗಡಿಯವರು ಹೇಳುವ ಗ್ರೇಡ್ ಬಹುಪಾಲು ಅಂಟಿನ ವಿಷಯ. ಮರದ ವಿಷಯ ನಾವೇ ಕೇಳಬೇಕು.

ಎಂಆರ್, ಬಿಡಬ್ಲ್ಯುಆರ್, ಬಿಡಬ್ಲ್ಯುಪಿ

ಕಮರ್ಷಿಯಲ್ ಅಂತ ಕರೆಯುವುದು ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್) ಗ್ರೇಡ್. ಅದು ಗಾಳಿಯ ತೇವ ತಡೆಯುತ್ತದೆ, ನಿಂತ ನೀರನ್ನಲ್ಲ. ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಬಳಸಿರುತ್ತಾರೆ. ಹಾಳೆಯ ಮೇಲೆ ಐಎಸ್ 303 ಅಂತ, ಅಂದರೆ ಭಾರತೀಯ ಮಾನದಂಡದ ನಂಬರು, ಇರುತ್ತದೆ.

ಮರೈನ್ ಅಂದರೆ ಬಿಡಬ್ಲ್ಯುಪಿ (ಬಾಯ್ಲಿಂಗ್ ವಾಟರ್ ಪ್ರೂಫ್), ಐಎಸ್ 710. ಇದಕ್ಕೆ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು. ಪರೀಕ್ಷೆಯಲ್ಲಿ ತುಂಡನ್ನು 72 ಗಂಟೆ ಕುದಿಸುತ್ತಾರೆ, ಪದರ ಬಿಡಬಾರದು. ಇದರ ಮರಕ್ಕೆ ಹುಳ, ಶಿಲೀಂಧ್ರ ತಡೆಯುವ ಔಷಧಿಯನ್ನೂ ಏರಿಸಿರಬೇಕು.

ಇವೆರಡರ ನಡುವಿನದು ಬಿಡಬ್ಲ್ಯುಆರ್ (ಬಾಯ್ಲಿಂಗ್ ವಾಟರ್ ರೆಸಿಸ್ಟೆಂಟ್). ಕುದಿಸಿ ಒಣಗಿಸುವ ಪರೀಕ್ಷೆ ಇದಕ್ಕೂ ಇದೆ, ಆದರೆ ಮರೈನಿನಷ್ಟು ಕಠಿಣವಲ್ಲ. ತೊಡಕು ಎಲ್ಲಿ ಅಂದರೆ, ಬಿಡಬ್ಲ್ಯುಆರ್ ಹಾಳೆಗಳೂ 303 ನಂಬರಿನಲ್ಲೇ ಬಂದಿವೆ. ಬರೀ ‘303 ಇದೆ, ಐಎಸ್‌ಐ ಇದೆ’ ಅಂದರೆ ಸಾಲದು. ಪಕ್ಕದಲ್ಲಿ ಎಂಆರ್ ಅಂತ ಇದೆಯಾ, ಬಿಡಬ್ಲ್ಯುಆರ್ ಅಂತ ಇದೆಯಾ ಓದಬೇಕು. ‘ವಾಟರ್‌ಪ್ರೂಫ್’ ಅನ್ನುವುದು ಬಾಯಿಮಾತು. ನಾವು ಮೋಸಹೋಗಿದ್ದು ಆ ಒಂದು ಪದಕ್ಕೆ.

ಇನ್ನೊಂದು ಮಾತನ್ನು ತಂಗಿಗೆ ಎರಡೆರಡು ಸಲ ಹೇಳಿದೆ. 72 ಗಂಟೆ ಕುದಿಸಿದರೂ ಬಿಡದಿರುವುದು ಅಂಟು. ಮರ ಮರವೇ, ಅದು ನೀರು ಕುಡಿದೇ ಕುಡಿಯುತ್ತದೆ. ಮರೈನ್ ಹಾಳೆಯನ್ನೂ ಕತ್ತರಿಸಿದ ಅಂಚು ಮುಚ್ಚದೆ ಬಿಟ್ಟರೆ ಅಲ್ಲಿಂದ ನೀರು ಹತ್ತಿ ಉಬ್ಬುತ್ತದೆ, ಕಪ್ಪಾಗುತ್ತದೆ. ಎಲ್ಲಾ ಕಡೆ ದುಬಾರಿ ಹಾಳೆ ಹಾಕಿ ಅಂಚಿನ ಪಟ್ಟಿಯಲ್ಲಿ ಉಳಿಸುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಸಿಂಕಿನ ಕೆಳಗೆ ಯಾವ ಪ್ಲೈ?

ನನ್ನ ಉತ್ತರ: ಯಾವುದೂ ಬೇಡ. ಅಲ್ಲಿಗೆ ಕಡಪ ಕಲ್ಲು ಹಾಕಿಸಿ.

ನಮ್ಮ ಕೋಲಾರ ಜಿಲ್ಲೆಗೆ ಆಂಧ್ರದ ಗಡಿ ಹತ್ತಿರ. ಕಡಪ ಕಲ್ಲು ಸುಲಭವಾಗಿ ಸಿಗುತ್ತದೆ, ಕೂರಿಸುವ ಕೈಗಳೂ ಇವೆ. ಹಳೆಯ ಮನೆಗಳಲ್ಲಿ ಅಡುಗೆಕಟ್ಟೆಯ ಕೆಳಗೆ ಅಡ್ಡಗೋಡೆ, ತಟ್ಟೆ ಎಲ್ಲಾ ಕಲ್ಲಿನದ್ದೇ ಇರುತ್ತಿತ್ತು. ಮಾಡ್ಯುಲರ್ ಅಂತ ಬಂದಮೇಲೆ ಅದನ್ನು ಹಳೇ ಕಾಲದ್ದು ಅಂತ ಬಿಟ್ಟೆವು. ಆದರೆ ನಿಂತ ನೀರಿಗೂ ಗೆದ್ದಲಿಗೂ ಅದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ಬದಿಗೋಡೆ, ತಳ ಎರಡೂ ಕಲ್ಲಿನದ್ದು ಮಾಡಿಸಿ, ಮುಂದಿನ ಬಾಗಿಲು ಮಾತ್ರ ಮರೈನ್ ಪ್ಲೈನಲ್ಲಿ ಮಾಡಿಸಿದರೆ ನೋಡಲಿಕ್ಕೂ ಇವತ್ತಿನ ಅಡುಗೆಮನೆಯ ಹಾಗೇ ಕಾಣುತ್ತದೆ. ಬಾಗಿಲಿಗೆ ಮೊಳೆ ತಿರುಪು ಹಿಡಿಯಲಿಕ್ಕೆ ಕಲ್ಲಿನ ಅಂಚಿಗೆ ಒಂದು ಮರದ ಚೌಕಟ್ಟು ಬೇಕಾಗುತ್ತದೆ. ಅದನ್ನು ಕಲ್ಲು ಕೂರಿಸುವ ಮೊದಲೇ ಆಚಾರ್ರಿಗೂ ಗಾರೆಯವರಿಗೂ ಒಟ್ಟಿಗೆ ನಿಲ್ಲಿಸಿ ಹೇಳಬೇಕು. ಆಮೇಲೆ ಹೇಳಿದರೆ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ನಮ್ಮ ಮನೆಯಲ್ಲಿ ಎರಡನೇ ಸಲ ಹೀಗೇ ಮಾಡಿಸಿದ್ದು. ಎಂಟು ವರ್ಷ ಆಗುತ್ತಾ ಬಂತು, ಆ ಮೂಲೆಯಲ್ಲಿ ಒಂದು ಬಿರುಕಿಲ್ಲ.

ಉಳಿದ ಕಟ್ಟೆ ಕೆಳಗಿನ ಬಾಕ್ಸುಗಳಿಗೆ ಮರೈನ್, ಅಥವಾ ಕೈ ಬಿಗಿ ಇದ್ದರೆ ಬಿಡಬ್ಲ್ಯುಆರ್. ಮೇಲಿನ ಕಪಾಟಿಗೆ ಬಿಡಬ್ಲ್ಯುಆರ್ ಸಾಕು. ಒಲೆಯ ಮೇಲಿನ ಭಾಗಕ್ಕೆ ಮಾತ್ರ ಆವಿ ಜಾಸ್ತಿ ಬಡಿಯುತ್ತದೆ, ಅಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಮಲಗುವ ಕೋಣೆಗೆ ಎಂಆರ್ ಧಾರಾಳ

ಮಂಗಳೂರಿನ ಕಡೆಯವರನ್ನು ಕೇಳಿದರೆ ಬಟ್ಟೆಯ ಕಪಾಟಿಗೂ ಮರೈನ್ ಹಾಕಿ ಅಂತಾರೆ. ಅವರ ಗಾಳಿಯಲ್ಲಿ ಅದು ಸರಿ. ನಮ್ಮದು ಒಣ ಹವೆ. ವರ್ಷದಲ್ಲಿ ಗಾಳಿ ತೇವ ಆಗಿರುವುದು ಕೆಲವೇ ತಿಂಗಳು. ವಾರ್ಡ್‌ರೋಬ್, ಮಂಚ, ಓದುವ ಮೇಜು, ಟಿವಿ ಹಲಗೆಗೆ ಒಳ್ಳೆಯ ಎಂಆರ್ ಹಾಳೆ ಧಾರಾಳವಾಗಿ ಬಾಳುತ್ತದೆ.

ತಂಗಿಯ ಮನೆಗೆ 18 ಎಂಎಂ ಹಾಳೆ ಒಟ್ಟು 20 ಬೇಕು ಅಂತ ಆಚಾರ್ರ ಲೆಕ್ಕ. ನೀರು ತಾಕುವ ಕಡೆಗೆ 6, ಉಳಿದ ಕಡೆಗೆ 14. ಎಂಟು ನಾಲ್ಕರ ಹಾಳೆ ಅಂದರೆ 32 ಚದರ ಅಡಿ. ಎರಡು ಗ್ರೇಡಿನ ನಡುವೆ ಅಡಿಗೆ 30 ರೂಪಾಯಿ ವ್ಯತ್ಯಾಸ ಇದೆ ಅಂದುಕೊಳ್ಳಿ. ಹಾಳೆಗೆ 960 ರೂಪಾಯಿ ಆಯಿತು, ಆ 14 ಹಾಳೆಗೆ ಮರೈನ್ ಬದಲು ಎಂಆರ್ ತಂದರೆ 13,440 ಉಳಿಯಿತು. ಆ ದುಡ್ಡಿನಲ್ಲಿ ಕಡಪ ಕಲ್ಲು, ಒಳ್ಳೆಯ ಹಿಂಜ್, ಎಲ್ಲಾ ಅಂಚಿಗೂ ದಪ್ಪ ಪಟ್ಟಿಗೆ ದೊಡ್ಡ ಪಾಲು ಸಿಗುತ್ತದೆ. ನಿಮ್ಮ ಊರಿನ ಅಂಗಡಿಯ ರೇಟು ಹಾಕಿ ಇದೇ ಲೆಕ್ಕ ಮಾಡಿ ನೋಡಿ.

ಒಂದು ಕಡೆ ಮಾತ್ರ ಹುಷಾರು. ವಾರ್ಡ್‌ರೋಬ್ ಬಾತ್‌ರೂಮಿನ ಗೋಡೆಗೆ ಒತ್ತಿಕೊಂಡಿದೆಯಾ? ಅಥವಾ ಮಳೆ ಬಡಿಯುವ ಹೊರಗೋಡೆಗೆ? ಹಾಗಿದ್ದರೆ ಆ ಬೆನ್ನಿನ ಹಲಗೆ ಮರೈನ್ ಇರಲಿ, ಗೋಡೆಗೂ ಹಲಗೆಗೂ ನಡುವೆ ಒಂದು ಬೆರಳಿನಷ್ಟು ಜಾಗ ಇರಲಿ.

ಇನ್ನು ವಾಸನೆಯ ವಿಷಯ. ಹೊಸ ಕಪಾಟು ತೆರೆದಾಗ ಕಣ್ಣು ಉರಿಯುತ್ತದೆ ಅಲ್ವಾ? ಅದು ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಎಂಆರ್ ಹಾಳೆಯ ಅಂಟಿನಿಂದ ಇದು ಜಾಸ್ತಿ ಬರುತ್ತದೆ, ಫೀನಾಲ್ ಅಂಟಿನಿಂದ ಕಡಿಮೆ. ಅದಕ್ಕೆ ಮಲಗುವ ಕೋಣೆಗೆ ಎಂಆರ್ ತರುವಾಗ ಇ1 ಅಥವಾ ಇ0 (ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ಹಾಳೆ) ಅಂತ ಗುರುತಿರುವುದನ್ನೇ ಕೇಳಿ. ಒಳಗಿನ ಮುಖಕ್ಕೂ ಮೈಕಾ (ಲ್ಯಾಮಿನೇಟ್ ಹಾಳೆ) ಹಾಕಿಸಿ, ಅಂಚು ಮುಚ್ಚಿಸಿ. ಗೃಹಪ್ರವೇಶಕ್ಕೆ ಮುಂಚೆ ಕೆಲವು ವಾರ ಬಾಗಿಲು ಕಿಟಕಿ ತೆರೆದಿಡಿ. ಮನೆಯಲ್ಲಿ ಕೂಸಿದ್ದರೆ ಇದರಲ್ಲಿ ರಾಜಿ ಬೇಡ.

ಮೈಕಾ ಅಂದಾಗ ನೆನಪಾಯಿತು. ಒಂದೇ ಮುಖಕ್ಕೆ ಮೈಕಾ ಹಚ್ಚಿ ಇನ್ನೊಂದನ್ನು ಬರಿದೇ ಬಿಟ್ಟರೆ ಬಾಗಿಲು ಬಾಗುತ್ತದೆ. ಹೊರಗೆ 1 ಎಂಎಂ ಹಾಕಿದರೆ ಒಳಗೆ ಕೊನೇ ಪಕ್ಷ 0.8 ಎಂಎಂ ಇರಲಿ.

ಪ್ಲೈ ಅಲ್ಲದವು

ಬ್ಲಾಕ್ ಬೋರ್ಡ್ ಒಳಗೆ ಪದರಗಳ ಬದಲು ಮರದ ಪಟ್ಟಿಗಳು ಇರುತ್ತವೆ, ಮೇಲೆ ಕೆಳಗೆ ವಿನೀರ್. ಹಗುರ. ಆರೇಳು ಅಡಿ ಎತ್ತರದ ವಾರ್ಡ್‌ರೋಬ್ ಬಾಗಿಲಿಗೆ ನಾನು ಇದನ್ನೇ ಹೇಳುತ್ತೇನೆ. ಅಷ್ಟು ಎತ್ತರದ ಪ್ಲೈ ಬಾಗಿಲು ಬಿಲ್ಲಿನ ಹಾಗೆ ಬಾಗುವ ಸಾಧ್ಯತೆ ಜಾಸ್ತಿ. ಉದ್ದದ ತಟ್ಟೆಗೂ ಬ್ಲಾಕ್ ಬೋರ್ಡ್ ಒಳ್ಳೆಯದು. ಆದರೆ ಒಳಗಿನ ಪಟ್ಟಿಗಳ ನಡುವೆ ಸಂದು ಇದ್ದು, 35 ಎಂಎಂ ಹಿಂಜಿನ ಗುಳಿ ಸರಿಯಾಗಿ ಅಲ್ಲೇ ಬಿದ್ದರೆ ತಿರುಪು ನಿಲ್ಲುವುದಿಲ್ಲ. ಕತ್ತರಿಸಿದ ಅಂಚು ನೋಡಿಕೊಂಡು ಗುಳಿ ಹಾಕಿ ಅಂತ ಆಚಾರ್ರಿಗೆ ಹೇಳಬೇಕು.

ಎಂಡಿಎಫ್ ಅಂದರೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ. ಮೈ ನುಣುಪು, ಬಣ್ಣ ಚೆನ್ನಾಗಿ ಕೂರುತ್ತದೆ, ಯಂತ್ರದಲ್ಲಿ ಕೊರೆದ ಜಾಲಿ ಅಂದವಾಗಿ ಬರುತ್ತದೆ. ದೇವರಮನೆಯ ಬಾಗಿಲಿಗೆ, ಗೋಡೆಯ ಅಲಂಕಾರಕ್ಕೆ ಸರಿ. ಹಾಳೆ ಮಾತ್ರ ಭಾರ, ಅಂಚಿನಲ್ಲಿ ತಿರುಪು ಹಿಡಿಯುವುದು ಕಷ್ಟ, ಒಮ್ಮೆ ನೀರು ಕುಡಿದರೆ ಬ್ರೆಡ್ಡಿನ ಹಾಗೆ ಊದಿಕೊಂಡು ಮತ್ತೆ ಇಳಿಯುವುದಿಲ್ಲ. ಎಚ್‌ಡಿಎಚ್‌ಎಂಆರ್ ಅನ್ನುವ ಒತ್ತಿ ಮಾಡಿದ ಹಲಗೆ ಇದಕ್ಕಿಂತ ಗಟ್ಟಿ, ತೇವಕ್ಕೂ ಹೆಚ್ಚು ತಡೆಯುತ್ತದೆ. ಅಡುಗೆಮನೆಯ ಬಾಗಿಲಿಗೆ ಪರವಾಗಿಲ್ಲ. ಪಾರ್ಟಿಕಲ್ ಬೋರ್ಡ್ ಬಾಡಿಗೆ ಮನೆಯ ಸಾಮಾನಿಗೆ ಸಾಕು, ಸ್ವಂತ ಮನೆಗೆ ಬೇಡ. ಒಂದು ಸಲ ಬಿಚ್ಚಿ ಮತ್ತೆ ಜೋಡಿಸಿದರೆ ತಿರುಪಿನ ತೂತು ಸಡಿಲ.

ಬಾತ್‌ರೂಮಿನ ಬಾಗಿಲಿಗೂ ಕೈತೊಳೆಯುವ ಬೇಸಿನ್ನಿನ ಕೆಳಗಿನ ಕಪಾಟಿಗೂ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು) ಅಥವಾ ಪಿವಿಸಿ ಹಲಗೆ ಹಾಕಿ. ಗೆದ್ದಲು ತಿನ್ನುವುದಿಲ್ಲ, ನೀರಿಗೆ ಉಬ್ಬುವುದಿಲ್ಲ. ಒಲೆಯ ಪಕ್ಕಕ್ಕೆ ಹಾಕಬೇಡಿ, ಬಿಸಿಗೆ ಮೆತ್ತಗಾಗುತ್ತದೆ. ಪಾತ್ರೆ ಇಡುವ ಉದ್ದದ ತಟ್ಟೆಗೂ ಬೇಡ, ಜೋತು ಬೀಳುತ್ತದೆ.

ಗೆದ್ದಲು

ನಮ್ಮ ಕೆಂಪು ಮಣ್ಣಿನಲ್ಲಿ ನೀರಿಗಿಂತ ದೊಡ್ಡ ಶತ್ರು ಇದೇ. ಬುನಾದಿಗೆ ತುಂಬಿದ ಮಣ್ಣಿನಿಂದ ಗೋಡೆಯ ಸಂದಿನಲ್ಲಿ ಹತ್ತಿ ಕಪಾಟಿನ ಬೆನ್ನಿಗೆ ಬರುತ್ತದೆ. ಮುಂದೆ ಮೈಕಾ ಹೊಳೆಯುತ್ತಾ ಇರುತ್ತದೆ, ಹಿಂದೆ ಎಲ್ಲಾ ಮಣ್ಣಾಗಿರುತ್ತದೆ.

ಗ್ಯಾರಂಟಿ ಕಾರ್ಡ್ ನೋಡಿ ಸುಮ್ನೆ ಧೈರ್ಯ ತಂದುಕೊಳ್ಳಬೇಡಿ. ಹುಳ ಬಿದ್ದರೆ ಹಾಳೆಗೆ ಹಾಳೆ ಮಾತ್ರ ಕೊಡುತ್ತಾರಾ, ಮೈಕಾ ಮತ್ತು ಕೂಲಿಯೂ ಸೇರುತ್ತದಾ, ಇದನ್ನು ಕೊಳ್ಳುವ ದಿನವೇ ಕೇಳಿ. ಪಕ್ಕಾ ಬಿಲ್ ಇಲ್ಲದೆ ಯಾವ ಗ್ಯಾರಂಟಿಯೂ ನಿಲ್ಲುವುದಿಲ್ಲ. ಮನೆ ಇನ್ನೂ ಬುನಾದಿಯಲ್ಲಿದ್ದರೆ ಮಣ್ಣಿಗೇ ಗೆದ್ದಲಿನ ಔಷಧಿ ಹಾಕಿಸಿ. ನೆಲದಿಂದ ನಾಲ್ಕು ಇಂಚು ಗ್ರಾನೈಟ್ ಅಥವಾ ಕಲ್ಲಿನ ಪಟ್ಟಿ ಕಟ್ಟಿ, ಅದರ ಮೇಲೆ ವಾರ್ಡ್‌ರೋಬ್ ಕೂರಿಸಿ. ನೆಲ ಒರೆಸುವ ನೀರೂ ತಾಕುವುದಿಲ್ಲ, ಗೆದ್ದಲಿನ ಮಣ್ಣಿನ ದಾರಿ ಬಂದರೆ ಕಣ್ಣಿಗೂ ಬೀಳುತ್ತದೆ.

ಅಂಗಡಿಯಲ್ಲಿ ನಿಂತಾಗ

ಮೊದಲು ಹಾಳೆಯ ಅಂಚು ನೋಡಿ. ಪದರಗಳು ಒಂದೇ ದಪ್ಪ ಇವೆಯಾ, ನಡುವೆ ತೂತು, ಸಂದು ಕಾಣುತ್ತಿದೆಯಾ? ನಾಲ್ಕು ಕಡೆಯೂ ನೋಡಿ. ಅಂಚಿಗೆ ಬಣ್ಣ ಬಳಿದು ಮುಚ್ಚಿದ್ದರೆ ಒಂದು ಹಾಳೆ ಕತ್ತರಿಸಿ ತೋರಿಸಲು ಹೇಳಿ. ಆಮೇಲೆ ಬೆರಳ ಗೆಣ್ಣಿನಿಂದ ಹಾಳೆಯ ಉದ್ದಕ್ಕೂ ತಟ್ಟುತ್ತಾ ಹೋಗಿ. ತೆಂಗಿನಕಾಯಿ ಆರಿಸುವಾಗ ಕಿವಿ ಕೊಡುತ್ತೇವಲ್ಲ, ಹಾಗೆ. ಒಂದು ಕಡೆ ಸದ್ದು ಟೊಳ್ಳಾದರೆ ಒಳಗೆ ಪದರ ಇಲ್ಲ ಅಂತ ಅರ್ಥ.

ದಪ್ಪ ಅಳೆಯಿರಿ. 18 ಎಂಎಂ ಅಂತ ಬಿಲ್ ಮಾಡಿ 16 ಕೊಡುವ ಕಡೆಗಳಿವೆ. ಮಾನದಂಡದಲ್ಲಿ ಈ ದಪ್ಪಕ್ಕೆ ನೂರಕ್ಕೆ 5ರಷ್ಟು ಹೆಚ್ಚು ಕಡಿಮೆಗೆ ಅವಕಾಶ ಇದೆ. ಅಂದರೆ 17.1ಕ್ಕಿಂತ ಕೆಳಗೆ ಇಳಿಯಬಾರದು. ಒಂದು ಸಣ್ಣ ಕ್ಯಾಲಿಪರ್ ಜೇಬಿನಲ್ಲಿದ್ದರೆ ಮಾತಿಗೆ ಮಾತು ಬೆಳೆಯುವುದಿಲ್ಲ.

ಐಎಸ್‌ಐ ಗುರುತಿನ ಹತ್ತಿರ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಅದನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿ, ಯಾವ ಮಾನದಂಡಕ್ಕೆ, ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ. ದಯವಿಟ್ಟು ಮಾಡಿ.

ಅಂಟಿನ ಗೆರೆ ಕಪ್ಪಾಗಿದ್ದರೆ ಫೀನಾಲ್, ಹಾಗಾಗಿ ಮರೈನ್ ಅಂತ ಹೇಳುತ್ತಾರೆ. ಫೀನಾಲ್ ಅಂಟು ಗಾಢ ಬಣ್ಣದ್ದು ಹೌದು. ಆದರೆ ಸಾದಾ ಅಂಟಿಗೂ ಬಣ್ಣ ಬೆರೆಸಬಹುದು. ಅನುಮಾನ ಬಂದರೆ ನಾಲ್ಕು ಇಂಚಿನ ತುಂಡು ತಂದು ಹಳೆಯ ಪಾತ್ರೆಯಲ್ಲಿ, ಮನೆಯ ಹೊರಗೆ, ಒಂದು ದಿನ ಕುದಿಸಿ. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಒಳಗಿನ ಮರ ಯಾವುದು ಅಂತಲೂ ಕೇಳಿ. ಹರಿಯಾಣದ ಯಮುನಾನಗರದ ಕಡೆಯಿಂದ ಬರುವ ಹಾಳೆಗಳಲ್ಲಿ ಪಾಪ್ಲರ್ ಜಾಸ್ತಿ. ಬಿಳುಪು, ಹಗುರ, ಮೆತ್ತಗೆ. ಕೇರಳದ ಪೆರುಂಬಾವೂರಿನವುಗಳಲ್ಲಿ ರಬ್ಬರ್ ಮರ ಕಾಣುತ್ತದೆ. ನೀಲಗಿರಿ ಇದ್ದರೆ ಹಾಳೆ ಭಾರ, ತಿರುಪು ಗಟ್ಟಿಯಾಗಿ ಹಿಡಿಯುತ್ತದೆ. ನಮ್ಮ ಜಿಲ್ಲೆಗೆ ನೀಲಗಿರಿ ಹೊಸದೇನಲ್ಲ. 80ರ ದಶಕದಿಂದ ಹೊಲ ಹೊಲಕ್ಕೂ ಅದೇ ಹಬ್ಬಿತು. ಕೊನೆಗೆ 2017ರಲ್ಲಿ ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿತು. ಈಗ ಅದರ ಜಾಗದಲ್ಲಿ ಕೆಲವು ರೈತರು ಹೆಬ್ಬೇವು ಹಾಕಿದ್ದಾರೆ, ಅದೂ ಪ್ಲೈವುಡ್ಡಿಗೆ ಹೋಗುವ ಮರವೇ. ‘ಪೂರ್ತಿ ಗರ್ಜನ್’ (ಕೆಂಪು ಬಣ್ಣದ ಗಟ್ಟಿ ಮರ) ಅಂದರೆ ಮಾತ್ರ ಒಂದು ಸಲ ನಿಲ್ಲಿ. ಆ ಮರಕ್ಕೆ ನಾವು ಬಹಳ ಕಾಲ ಮ್ಯಾನ್ಮಾರ್ ದೇಶವನ್ನು ನಂಬಿದ್ದೆವು, ಆ ದೇಶ 2014ರಲ್ಲಿ ದಿಮ್ಮಿಗಳ ರಫ್ತು ನಿಲ್ಲಿಸಿತು. ಎಷ್ಟೋ ಹಾಳೆಗಳಲ್ಲಿ ಮೇಲಿನ ಒಂದು ಪದರ ಮಾತ್ರ ಗರ್ಜನ್ ಇರುತ್ತದೆ. ಕತ್ತರಿಸಿದ ಅಂಚಿನಲ್ಲಿ ಒಳಗಿನ ಪದರಗಳೂ ಕೆಂಪಗೆ ಇವೆಯಾ ನೋಡಿ.

ತಂಗಿ ಕೊನೆಗೆ ಒಪ್ಪಿದ್ದು ಹೀಗೆ: ಸಿಂಕಿಗೆ ಕಲ್ಲು, ಅಡುಗೆಮನೆಗೆ 6 ಹಾಳೆ ಮರೈನ್, ಕೋಣೆಗಳಿಗೆ ಇ1 ಗುರುತಿನ ಎಂಆರ್, ವಾರ್ಡ್‌ರೋಬಿನ ಉದ್ದ ಬಾಗಿಲುಗಳನ್ನು ಮಾತ್ರ ಆ 14ರಿಂದ ತೆಗೆದು ಬ್ಲಾಕ್ ಬೋರ್ಡಿಗೆ. ಮುಂದಿನ ಸೋಮವಾರ ಹಾಳೆಗಳು ಇಳಿಯುತ್ತವೆ. ಆಚಾರ್ರು ಬರುವುದು ಗುರುವಾರ. ಅಲ್ಲಿಯವರೆಗೆ ಗೋಡೆಗೆ ಒರಗಿಸಿ ನಿಲ್ಲಿಸಬೇಡ, ಬಾಗುತ್ತವೆ ಅಂದಿದ್ದೇನೆ. ನೆಲದ ಮೇಲೆ ಮೂರು ನಾಲ್ಕು ಮರದ ತುಂಡು ಸಮವಾಗಿ ಇಟ್ಟು, ಅದರ ಮೇಲೆ ಹಾಳೆಗಳನ್ನು ಚಪ್ಪಟೆಯಾಗಿ ಜೋಡಿಸಿ, ಮೇಲೆ ಟಾರ್ಪಾಲ್ ಹೊದಿಸಬೇಕು. ಹೊಸ ಗಾರೆ ನೆಲ ಇನ್ನೂ ಪೂರ್ತಿ ಒಣಗಿಲ್ಲ.